ಗೋಡೆಗೆ ಕೊಟ್ಟ ಅಳತೆ

"ಗೋಡೆ ಅಳೀರಿ ಧನಿ, ನೆಲ ಅಳೀರಿ, ಮೇಲಿನ ಕಮಾನು ಬೇಕಾದರೂ ಅಳೀರಿ. ನಿಮ್ಮ ಮೈಯ ಅಳತೆ ಮಾತ್ರ ಅದರೊಳಗೆ ಬಿಟ್ಟು ಬರ್ಬೇಡಿ."

ಮುಲುಂಡಿನ ಗುಡ್ಡದ ಬುಡದಲ್ಲಿ, ತುಕ್ಕು ಹಿಡಿದ ಗೇಟಿಗೆ ಬೆನ್ನು ಕೊಟ್ಟು ಕೂತಿದ್ದ, ಉಡುಪಿ ಕಡೆಯ ಕಾವಲು ಮುದುಕ ಐತ ಹೀಗೆಂದಾಗ ಮುರಿಗೆಪ್ಪನಿಗೆ ನಗು ಬಂತು. ಪೂರ್ತಿ ನಗುವುದಕ್ಕೂ ಬೇಸರವಾಗಿ ಅರ್ಧಕ್ಕೇ ಬಿಟ್ಟ. ಬೆಳಿಗ್ಗೆ ಐದಕ್ಕೆ ಎದ್ದು, ಚಾಳಿನ ನಲ್ಲಿಯಲ್ಲಿ ನೀರಿಗೆ ನಿಂತು, ದಾದರಿನಿಂದ ಲೋಕಲಿನಲ್ಲಿ ಒತ್ತಾಡಿಕೊಂಡು, ಸ್ಟೇಷನ್ನಿನಿಂದ ಎರಡು ಮೈಲಿ ಮೇ ತಿಂಗಳ ಬಿಸಿಲಲ್ಲಿ ನಡೆದು ಬಂದಿದ್ದ. ಮುಂಬಯಿಗೆ ಬಂದು ಆರು ತಿಂಗಳಾಗಿತ್ತು. ಆರು ತಿಂಗಳಿಂದಲೂ ಅವನಿಗೆ ನಿದ್ದೆ ಸಾಲದು.

"ಯಾಕಪಾ ಅಜ್ಜ, ನನ್ನ ಅಳತಿ ತಗೊಂಡು ಅದೇನು ಅಂಗಿ ಹೊಲಸ್ತೈತೇನು?"

ಐತ ನಗಲಿಲ್ಲ. "ನಾನು ಹೇಳೂದು ಹೇಳಿದೆ," ಎಂದು ಬೀಡಿ ಹುಡುಕಿಕೊಂಡ.

ಮುರಿಗೆಪ್ಪ ವಿಜಾಪುರದ ಕಡೆಯವನು. ಗೋಲಗುಮ್ಮಟದ ನೆರಳಲ್ಲಿ ಆಡಿ ಬೆಳೆದವನಿಗೆ ಹಳೇ ಕಲ್ಲೆಂದರೆ ಹೆದರಿಕೆಯಿಲ್ಲ. ಓವರಸಿಯರ್ ಪರೀಕ್ಷೆ ಪಾಸು ಮಾಡಿ, ಬೆಳಗಾವಿಯ ಸಂಗಪ್ಪ ಎಂಬ ಕಂತ್ರಾಟದಾರನ ಕೈಕೆಳಗೆ ಕೆಲಸಕ್ಕೆ ಸೇರಿದ್ದ. ಸಂಗಪ್ಪ ಈ ಜಾಗದಲ್ಲಿ ಹೌಸಿಂಗ್ ಸೊಸಾಯಿಟಿಯ ಬಿಲ್ಡಿಂಗುಗಳನ್ನು ಎಬ್ಬಿಸುವವನಿದ್ದ. ಮಳೆಗಾಲ ಮುಗಿಯುವುದರೊಳಗೆ ನೆಲ ಖಾಲಿಯಾಗಬೇಕಿತ್ತು.

ಇಪ್ಪತ್ತೆಂಟು ವರ್ಷದ ಹಿಂದೆ ಹತ್ತಿ ವ್ಯಾಪಾರದ ಸೇಠನೊಬ್ಬ ಫ್ರಾನ್ಸ್ ದೇಶಕ್ಕೆ ಹೋಗಿ, ಅಲ್ಲಿನ ಹಳೇ ಕೋಟೆಯೊಂದನ್ನು ನೋಡಿ ಮರುಳಾಗಿ, ಅದರಂಥದೇ ಬಂಗ್ಲೆಯನ್ನು ಇಲ್ಲಿ ಕಟ್ಟಿಸಿದ್ದನಂತೆ. ನಾಲ್ಕು ಮೂಲೆಗೆ ನಾಲ್ಕು ಬುರುಜು, ಮೇಲೆ ಕೋಟೆಯ ತೆನೆ. ಆ ಕೋಟೆಯ ಆವರಣದಲ್ಲಿದ್ದ ಐನೂರು ವರ್ಷದ ಕ್ರೈಸ್ತರ ಇಗರ್ಜಿಯನ್ನು ಮಾತ್ರ ಅವನು ನಕಲು ಮಾಡಿಸಲಿಲ್ಲ. ಅದನ್ನೇ ಕೊಂಡುಬಿಟ್ಟ. ಒಂದೊಂದು ಕಲ್ಲಿಗೂ ನಂಬರು ಬರೆಸಿ ಬಿಚ್ಚಿಸಿ, ಪೆಟ್ಟಿಗೆಗಳಲ್ಲಿ ತುಂಬಿ, ಹಡಗಿನಲ್ಲಿ ತರಿಸಿ, ಹುಣಸೆ ಮರಗಳ ನಡುವೆ ಮತ್ತೆ ಜೋಡಿಸಿದ. ಸೇಠ್ ಸತ್ತ, ಮಕ್ಕಳು ಮಾರಿದರು. ಬಂಗ್ಲೆಯನ್ನು ಸಂಗಪ್ಪನ ಆಳುಗಳು ಆಗಲೇ ನೆಲಸಮ ಮಾಡಿದ್ದರು. ಇಗರ್ಜಿಯ ಕಲ್ಲಿಗೆ ಗಿರಾಕಿ ಇದ್ದ. ಆದ್ದರಿಂದ ಅದನ್ನು ಅಳೆದು, ನಕ್ಷೆ ಬರೆದು, ಜೋಪಾನವಾಗಿ ಬಿಚ್ಚಬೇಕಿತ್ತು. ಆ ಅಳತೆಗೆ ಮುರಿಗೆಪ್ಪ ಬಂದಿದ್ದ.

ಐತನನ್ನು ಟೇಪಿನ ತುದಿ ಹಿಡಿಯಲು ಕರೆದರೆ ಅವನು ಹೊಸಿಲ ಆಚೆಯೇ ನಿಂತ.

ಒಳಗೆ ಕಾಲಿಟ್ಟದ್ದೇ ಮುರಿಗೆಪ್ಪನ ಬೆನ್ನ ಮೇಲಿನ ಬೆವರು ತಣ್ಣಗಾಯಿತು. ಹೊರಗೆ ನೆತ್ತಿ ಸುಡುವ ಮಧ್ಯಾಹ್ನ. ಇಲ್ಲಿ ಬಾವಿಯ ತಳದ ಕತ್ತಲೆ. ಎತ್ತರದ ಚೂಪು ಕಮಾನುಗಳು ಮೇಲೆ ಹೋಗಿ ಎಲ್ಲಿ ಕೂಡುತ್ತವೆಂದೇ ಕಾಣದು. ಕಿಟಕಿಗಳ ಬಣ್ಣದ ಗಾಜಿನ ಮೇಲೆ ಧೂಳು ದಪ್ಪಗೆ ಕೂತು, ಒಳಬಿದ್ದ ಬೆಳಕು ಹಳೇ ರಕ್ತದ ಕಲೆಯ ಹಾಗೆ ನೆಲದ ಮೇಲೆ ಕಂದಿತ್ತು. ಒದ್ದೆ ಕಂಬಳಿಯ ವಾಸನೆ. ಆರಿದ ಮೇಣದ ವಾಸನೆ. ಅದರಡಿಯಲ್ಲಿ ಇನ್ನೊಂದು, ತುಂಬ ದಿನ ಹಾಸಿಗೆ ಹಿಡಿದವರ ಕೋಣೆಯಲ್ಲಿ ಇರುತ್ತದಲ್ಲ, ಅಂಥದು. ಟೇಪು ಎಳೆದಾಗ ಆದ ಸರ್ ಎಂಬ ಸದ್ದು ಮೇಲಕ್ಕೆ ಹೋಗಿ, ತಡವಾಗಿ, ಯಾರೋ ಉಸಿರೆಳೆದುಕೊಂಡಂತೆ ಇಳಿದು ಬಂತು.

ಉತ್ತರದ ಗೋಡೆಯಲ್ಲಿ ನೆಲದಿಂದ ಕಿಟಕಿಯವರೆಗೆ ಒಂದು ಬಿರುಕಿತ್ತು. ಮುರಿಗೆಪ್ಪ ಕೈ ತೂರಿಸಿ ನೋಡಿ, 'ಬಿರುಕು, ಎರಡು ಬೆರಳು ಅಗಲ' ಎಂದು ಪುಸ್ತಕದಲ್ಲಿ ಬರೆದುಕೊಂಡ. ಬಾಗಿಲಲ್ಲಿ ನಿಂತ ಐತ ಅವನ ಕೈಯನ್ನೇ ನೋಡುತ್ತಿದ್ದ. ಆ ನೋಟಕ್ಕೆ ಮುರಿಗೆಪ್ಪನಿಗೆ ರೇಗಿತು. ದಣಿದವರಿಗೆ ಬೇಗ ರೇಗುತ್ತದೆ. ಗೋಡೆ ಕಟ್ಟುವ ಗೌಂಡಿಗಳ ಬಿಳಿಯ ಸೂತ್ರದ ದಾರವನ್ನು ಚೀಲದಿಂದ ತೆಗೆದ. ಹಿಮ್ಮಡಿಯಲ್ಲಿ ಒಂದು ತುದಿ ಮೆಟ್ಟಿ, ನೆತ್ತಿಯವರೆಗೆ ಎಳೆದು, ಹಲ್ಲಿನಿಂದ ಕತ್ತರಿಸಿದ.

"ನೋಡಪಾ. ಐದು ಅಡಿ ಆರು ಇಂಚು ಮುರಿಗೆಪ್ಪ. ಕೊಟ್ಟೆ." ದಾರವನ್ನು ಉಂಡೆ ಮಾಡಿ ಬಿರುಕಿನೊಳಗೆ ತುರುಕಿದ. "ಇನ್ನ ಅದೇನು ಮಾಡ್ತೈತಿ ಮಾಡ್ಲಿ."

ಐತ ಕೂಗಲಿಲ್ಲ, ಬೈಯಲಿಲ್ಲ. ಬಾಗಿಲ ಹೊರಗಿನ ಕಲ್ಲಿನ ಮೇಲೆ ಮೆಲ್ಲಗೆ ಕೂತುಬಿಟ್ಟ. "ಯಾಕೆ ಧನಿ?" ಎಂದ. "ಮನೇಲಿ ಯಾರೂ ಇಲ್ವಾ ನಿಮಗೆ?"

ಆ ಸಂಜೆ ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿತು. ದಾದರ್ ಬಂದದ್ದೂ ಹೋದದ್ದೂ ಮುರಿಗೆಪ್ಪನಿಗೆ ಗೊತ್ತಾಗಲಿಲ್ಲ. ಕಡೆಯ ಸ್ಟೇಷನ್ನಿನಲ್ಲಿ ಯಾರೋ ಭುಜ ಅಲ್ಲಾಡಿಸಿ ಎಬ್ಬಿಸಿದರು. ಅಷ್ಟು ನಿದ್ದೆ ಮಾಡಿದ್ದರೂ ಮೈಯಲ್ಲಿ ಮರಳು ತುಂಬಿದ ಹಾಗಿತ್ತು. ಚಾಳಿನ ಮೂರು ಮಹಡಿ ಹತ್ತುವಾಗ ಎರಡು ಕಡೆ ಕೂತ.

ಹೆಂಡತಿ ಚನ್ನವ್ವ ಆರು ತಿಂಗಳ ಬಸುರಿ. ಅವಳೇ ಚೆಂಬು ಹಿಡಿದು ಅವನ ಕಾಲಿಗೆ ನೀರು ಹಾಕಿದಳು. "ಬಿಸಲ ಬಡದೈತಿ," ಎಂದಳು. ಅವನಿಗೂ ಹಾಗೇ ಅನ್ನಿಸಿತು.

ಮರುದಿನವೂ ಹಾಗೇ. ಅದರ ಮರುದಿನವೂ. ಹತ್ತು ಗಂಟೆ ಮಲಗಿ ಏಳುವಾಗ, ರಾತ್ರಿಯಿಡೀ ಯಾರೋ ಅವನ ಮೈಯನ್ನು ದುಡಿಸಿಕೊಂಡು ಕಳಿಸಿದ ಹಾಗೆ ಕೀಲುಗಳು ನೋಯುತ್ತಿದ್ದವು. ರೊಟ್ಟಿ ಮುರಿಯುವುದೂ ಕೆಲಸವೆನಿಸಿತು. ದಾದರಿನ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಕೆಂಪು ಔಷಧ ಕೊಟ್ಟರು. ಮುರಿಗೆಪ್ಪ ಕುಡಿದ. ಸಂಗಪ್ಪನಿಗೆ ಹೇಳಿ ಕಳಿಸಿ, ಮುಲುಂಡಿಗೆ ಹೋಗದೆ ಮನೆಯಲ್ಲೇ ನಕ್ಷೆ ಬರೆಯುತ್ತೇನೆಂದು ಕೂತ. ಪೆನ್ಸಿಲು ಹಿಡಿದ ಕೈ ಕಾಗದದ ಮೇಲೇ ನಿದ್ದೆ ಹೋಗುತ್ತಿತ್ತು.

ಎಂಟನೇ ದಿನ, ಆಫೀಸಿಗೆ ಹೋಗಲು ಲೋಕಲು ಹತ್ತಿದವನು ತಲೆಯ ಮೇಲಿನ ಹಿಡಿಕೆಗೆ ಕೈ ಎತ್ತಿದ. ಸಿಗಲಿಲ್ಲ. ತುದಿಗಾಲಲ್ಲಿ ನಿಂತ. ಬೆರಳ ತುದಿ ತಾಗಿ ಹಿಡಿಕೆ ಆಚೆ ತೂಗಿತು. ಮುಷ್ಟಿ ತುಂಬ ಹಿಡಿದು ನಿಲ್ಲುತ್ತಿದ್ದ ಅದೇ ಹಿಡಿಕೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ವಾಪಸಾದ.

ಚನ್ನವ್ವ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಬಹಳ ಹೊತ್ತು ನೋಡಿದಳು.

"ನಾಕು ದಿನದಿಂದ ಹೇಳೂಣಂತೀನಿ," ಎಂದಳು. "ನೀವು ತೆಳ್ಳಗಾಗಿಲ್ರಿ. ಗಿಡ್ಡಾಗೀರಿ."

"ಹುಚ್ಚಿ."

"ಧೋತರ ನೋಡ್ರಿ. ನೆಲಾ ಬಳೀಲಿಕ್ಕತ್ತೈತಿ. ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಮ್ಯಾಲಿತ್ತು. ಈಗ ಸಮಾ ಬಂದೈತಿ." ಅವನನ್ನು ಒಳಗೆಳೆದು ಬಾಗಿಲು ಮುಚ್ಚಿದಳು. "ಎಲ್ಲಾದ್ರೂ ದಾರ ಕೊಟ್ಟೀರೇನು? ನಿಮ್ಮ ಅಳತೀದು?"

ಮುರಿಗೆಪ್ಪ ನೆಲ ಬಳಿಯುತ್ತಿದ್ದ ಧೋತರವನ್ನು ಎತ್ತಿ ಸಿಕ್ಕಿಸಿಕೊಂಡ. ಚನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಊರಲ್ಲೂ ಅದು ಇತ್ತು. ನಿಲ್ಲದ ಗೋಡೆಗೆ ಮನುಷ್ಯನ ಅಳತೆ ಕದ್ದು ಹೂಳುವುದು. ಬಾಯಲ್ಲಿ ಹೆಸರೆತ್ತಬಾರದ ಮಾಟ. ಅವಳಿಗೆ ಗೊತ್ತಿದ್ದದ್ದು ಇಷ್ಟೇ. ಬಿಡಿಸುವುದು ಹೇಗೆಂದು ಗೊತ್ತಿರಲಿಲ್ಲ.

ಮರುದಿನ ಹೊತ್ತೇರಿದ ಮೇಲೆ ಮುರಿಗೆಪ್ಪ ಮುಲುಂಡಿಗೆ ಹೋದ. ಸ್ಟೇಷನ್ನಿನಿಂದ ಗೇಟಿನವರೆಗೆ ಆರು ಕಡೆ ಕೂತ. ಐತ ಗೇಟು ತೆರೆದವನು ಅವನನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ.

ಇಗರ್ಜಿಯೊಳಗೆ ಉತ್ತರದ ಗೋಡೆಯ ಮುಂದೆ ನಿಂತು ಮುರಿಗೆಪ್ಪ ತನ್ನ ಪುಸ್ತಕ ತೆಗೆದು ನೋಡಿದ. ಎರಡು ಬೆರಳು ಅಗಲ ಎಂದು ಅವನದೇ ಅಕ್ಷರ. ಗೋಡೆಯಲ್ಲಿ ಬಿರುಕಿರಲಿಲ್ಲ. ಕಲ್ಲಿಗೆ ಕಲ್ಲು ಕೂಡಿ, ಹಳೇ ಗಾಯ ಮಾಯ್ದಂತೆ ಒಂದು ಬಿಳಿಯ ಗೆರೆ ಉಳಿದಿತ್ತು. ಅಂಗೈ ಇಟ್ಟ. ಸುತ್ತಲಿನ ಕಲ್ಲೆಲ್ಲ ತಣ್ಣಗಿತ್ತು. ಆ ಗೆರೆ ಮಾತ್ರ ಬೆಚ್ಚಗಿತ್ತು. ಮನುಷ್ಯನ ಮೈಯಷ್ಟು ಬೆಚ್ಚಗೆ.

ಚೀಲದಿಂದ ಸುತ್ತಿಗೆ, ಉಳಿ ತೆಗೆದ. ಗೆರೆಯ ಮೇಲೆ ಉಳಿ ಇಟ್ಟ. ಹೊಡೆದ.

ಪಕ್ಕೆಯಲ್ಲಿ ನೋವು ಚಿಮ್ಮಿತು. ಯಾರೋ ಒದ್ದ ಹಾಗೆ. ಹಲ್ಲು ಕಚ್ಚಿ ಮತ್ತೆ ಹೊಡೆದ. ಕಲ್ಲಿನ ಚಕ್ಕೆ ಒಂದೂ ಏಳಲಿಲ್ಲ. ಅವನ ಅಂಗಿಯೊಳಗೆ ಏನೋ ಬಿಸಿಯಾಗಿ ಹರಿಯಿತು. ಮೂರನೇ ಏಟು. ಉಸಿರು ಸಿಕ್ಕಿಕೊಂಡಿತು. ಕಣ್ಣಿಗೆ ಕತ್ತಲೆ. ಮೊಣಕಾಲು ಮಡಚಿತು. ಸುತ್ತಿಗೆ ಬಿದ್ದ ಸದ್ದು ಮೇಲೆ ಹೋಯಿತು. ಇಳಿದು ಬರುವಾಗ ಅದು ಸದ್ದಾಗಿರಲಿಲ್ಲ. ಒಂದು ನಿಟ್ಟುಸಿರಾಗಿತ್ತು. ತೃಪ್ತಿಯ ನಿಟ್ಟುಸಿರು.

ಕಣ್ಣು ಬಿಟ್ಟಾಗ ಹುಣಸೆ ಮರದಡಿಯಲ್ಲಿದ್ದ. ಐತನೇ ಹೊಸಿಲು ದಾಟಿ ಎಳೆದು ತಂದಿದ್ದ. ಐತ ಅವನ ಅಂಗಿ ಬಿಚ್ಚಿ ಪಕ್ಕೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದ. ಚರ್ಮ ಒಡೆದು, ಉಳಿಯ ಬಾಯಿಯಷ್ಟೇ ಅಗಲದ ಮೂರು ಗಾಯ.

"ಗೋಡೆಗೆ ಹೊಡೆದ್ರೆ ನಿಮಗೇ ಬೀಳ್ತದೆ ಧನಿ. ಈಗ ಅದು, ನೀವು, ಎರಡೂ ಒಂದೇ."

"ನಿನಗ ಹೆಂಗ ಗೊತ್ತು?" ಮುರಿಗೆಪ್ಪ ಕೇಳಿದ. ಬೈಯುವಷ್ಟು ಶಕ್ತಿಯಿರಲಿಲ್ಲ.

ಐತ ಬಟ್ಟೆಯನ್ನು ಹಿಂಡಿ ಮತ್ತೆ ಒತ್ತಿದ. ಯಾವ ಏರಿಳಿತವೂ ಇಲ್ಲದ ದನಿಯಲ್ಲಿ ಹೇಳಿದ.

"ಕಲ್ಲಿನ ಒಟ್ಟಿಗೆ ಫ್ರಾನ್ಸಿಂದ ಒಬ್ಬ ಮೇಸ್ತ್ರಿ ಬಂದಿದ್ದ. ಮೊದಲನೇ ಮಳೆಗೆ ಈ ಗೋಡೆ ಬಾಯಿ ಬಿಟ್ಟಿತು. ಅವನು ಸೇಠನಿಗೆ ಹೇಳಿದ, ಇದು ಅಲ್ಲಿಯೂ ಹೀಗೇ, ಕಟ್ಟಿದ ದಿನದಿಂದ ಹೀಗೇ, ಆಗಾಗ ಒಬ್ಬರ ಅಳತೆ ಕೊಡ್ಬೇಕು ಅಂತ. ದೇವರದ್ದಲ್ಲ ಧನಿ ತಪ್ಪು, ಮೊದಲು ಕಟ್ಟಿದವನದ್ದು. ನಾನು ಊರಿಂದ ಬಂದು ತೋಟದ ಕೆಲಸಕ್ಕೆ ಇದ್ದೆ. ಇಲ್ಲಿ ನಿಲ್ಲು ಅಂದ್ರು. ನಿಂತೆ. ದಾರ ಹಿಡಿದ್ರು. ಅಂಗಿ ಹೊಲಿಸಿ ಕೊಡ್ತಾರೆ ಅಂದುಕೊಂಡೆ."

ಮುರಿಗೆಪ್ಪ ತಾನಾಡಿದ ತಮಾಷೆಯನ್ನು ನೆನೆದು ಮುಖ ತಿರುಗಿಸಿದ.

"ಹದಿನೈದು ದಿನಕ್ಕೆ ನನಗೆ ಕೊಡಪಾನ ಎತ್ಲಿಕ್ಕೆ ಆಗ್ಲಿಲ್ಲ. ಆ ಮೇಸ್ತ್ರಿಗೆ ಕನಿಕರ ಬಂತೋ ಏನೋ. ಬೇರೆಯವರದ್ದು ಕೊಟ್ರೆ ನಿನ್ನದ್ದು ಬಿಡ್ತದೆ ಅಂತ ಕೈಸನ್ನೆ ಮಾಡಿ ತೋರಿಸಿದ." ಐತನ ಕೈ ನಿಂತಿತು. "ನನ್ನ ತಮ್ಮ ಅಂಗಾರ. ನನ್ನ ಒಟ್ಟಿಗೇ ಇದ್ದ. ಊಟ ಮಾಡಿ ಮಧ್ಯಾಹ್ನ ಮಲಗಿದ್ದ. ನಾನು ದಾರ ಹಿಡಿದೆ. ಎರಡು ತಿಂಗಳು ಇದ್ದ ಅಷ್ಟೆ. ದಣಿವು ಅಣ್ಣ, ದಣಿವು ಅಣ್ಣ ಅಂತಲೇ ಹೋದ. ನಾನು ಅವನಿಗೆ ಹೇಳ್ಲಿಲ್ಲ."

ಹುಣಸೆ ಮರದಲ್ಲಿ ಕಾಗೆಯೊಂದು ಕೂಗಿ ಸುಮ್ಮನಾಯಿತು.

"ನನ್ನದ್ದು ತೆಗೀರಿ ಧನಿ," ಎಂದ ಐತ.

"ಏನು?"

"ಅಳತೆ. ನನ್ನದ್ದು ತೆಗೀರಿ. ನಾನೇ ಕೊಟ್ಟು ಬಿಡ್ತಿದ್ದೆ. ನಮ್ಮ ಅಳತೆ ನಾವೇ ತೆಗೀಲಿಕ್ಕೆ ಈಗ ಕೈ ನಿಲ್ಲೂದಿಲ್ಲ, ನಡುಗ್ತದೆ. ಕಮ್ಮಿ ಆದ್ರೆ ಅದು ಒಪ್ಪೂದಿಲ್ಲ."

"ನನ್ನಿಂದ ಆಗೂದಿಲ್ಲ," ಎಂದು ಮುರಿಗೆಪ್ಪ ಎದ್ದ. ಎದ್ದು ಗೇಟಿನ ಕಡೆ ನಡೆದ. ಇಪ್ಪತ್ತು ಹೆಜ್ಜೆಗೆ ಕೂತ. ಮತ್ತೆ ಎದ್ದ. ಹತ್ತು ಹೆಜ್ಜೆಗೆ ಕೂತ. ಗೇಟು ಕಣ್ಣೆದುರೇ ಇತ್ತು, ಊರಿನಷ್ಟು ದೂರವಿತ್ತು. ಧೂಳಿನಲ್ಲಿ ಕೈಯೂರಿ ಕೂತವನಿಗೆ ಚನ್ನವ್ವನ ಹೊಟ್ಟೆ ನೆನಪಾಯಿತು. ಹುಟ್ಟುವ ಕೂಸನ್ನು ಎತ್ತಿಕೊಳ್ಳಲೂ ತನ್ನಿಂದಾಗದು. ಅಲ್ಲಿಯವರೆಗೆ ತಾನಿರುವುದೂ ಇಲ್ಲ. ಅವನಿಗೆ ಅಳು ಬಂತು, ಅಳುವುದಕ್ಕೂ ದಣಿವು ಬಿಡಲಿಲ್ಲ.

ಐತ ಬಂದು ಪಕ್ಕದಲ್ಲಿ ನಿಂತ. ಒತ್ತಾಯ ಮಾಡಲಿಲ್ಲ.

"ನಿಂದು ಕೊಟ್ರ ನೀ ಏನಾಗ್ತಿ?" ಮುರಿಗೆಪ್ಪ ನೆಲ ನೋಡುತ್ತ ಕೇಳಿದ. ಉತ್ತರ ಗೊತ್ತಿದ್ದೂ ಕೇಳಿದ.

"ಮಲಗ್ತೇನೆ," ಎಂದ ಐತ. "ಇಪ್ಪತ್ತೆಂಟು ವರ್ಷ ಆಯ್ತು ಧನಿ, ಸರಿಯಾಗಿ ಮಲಗಿ."

ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಒಳಗೆ ಹೋದರು. ಐತ ಹೊಸಿಲ ಬಳಿ ಒಂದು ಗಳಿಗೆ ನಿಂತು, ತಲೆಯ ಮುಂಡಾಸು ಬಿಚ್ಚಿ ಹೊರಗೇ ಇಟ್ಟ. ಉತ್ತರದ ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಕೂಡಿಸಿ, ಗಲ್ಲ ಎತ್ತಿ ನೆಟ್ಟಗೆ ನಿಂತ. ಆ ಬೆನ್ನು ಅಷ್ಟು ನೆಟ್ಟಗಾಗುತ್ತದೆಂದು ಮುರಿಗೆಪ್ಪನಿಗೆ ಗೊತ್ತಿರಲಿಲ್ಲ.

ದಾರ ಬಿಚ್ಚಿದ. ಮುದುಕನ ಒಡೆದ ಹಿಮ್ಮಡಿಯ ಕೆಳಗೆ ತುದಿ ಇಟ್ಟ. ಮೊಣಕಾಲು. ಸೊಂಟ. ಎದೆ. ಎದೆಯ ಬಡಿತ ದಾರಕ್ಕೆ ತಾಗಿತು. ನೆತ್ತಿ. ಹಲ್ಲಿನಿಂದ ಕತ್ತರಿಸಿದ.

ಸದ್ದಾಯಿತು. ಗೋಡೆಯೊಳಗೆ. ನಾಲಗೆ ಅಂಗುಳಿಗೆ ಅಂಟಿ ಬಿಟ್ಟ ಸದ್ದು. ಬಿಳಿಯ ಗೆರೆ ತೆರೆಯಿತು. ಒಂದು ಕೂದಲಿನಷ್ಟು. ಮತ್ತೆ ಒಂದು ನೂಲಿನಷ್ಟು. ರೋಗಿಯ ಕೋಣೆಯ ಆ ವಾಸನೆ ಬಿಸಿಯಾಗಿ ಮುಖಕ್ಕೆ ಬಡಿಯಿತು. ಮುರಿಗೆಪ್ಪನ ಕೈ ಹಿಂಜರಿಯಿತು. ದಾರ ಹಿಂಜರಿಯಲಿಲ್ಲ. ತುದಿ ತಾಗಿದ್ದೇ ತಡ, ಗೋಡೆ ಎಳೆದುಕೊಂಡಿತು. ಕೂಸು ಮೊಲೆ ಚೀಪಿದ ಹಾಗೆ. ಸರಸರ. ಬೆರಳುಗಳ ನಡುವಿನಿಂದ. ಚರ್ಮ ಸುಟ್ಟಿತು. ಬಿಟ್ಟುಬಿಟ್ಟ. ಕೊನೆಯ ಗೇಣು ತಾನಾಗಿ ಒಳಗೆ ಹೋಯಿತು.

ಆಮೇಲೆ ಏನೋ ಕಾಲ ಬಳಿ ಬಿತ್ತು. ಒದ್ದೆಯಾಗಿ. ಅವನದೇ ದಾರ.

ಐತ ಗೋಡೆಗೆ ಒರಗಿಕೊಂಡೇ ಇದ್ದ. "ಆಯ್ತಾ?" ಎಂದು ಕೇಳಿದ.

"ಆತು."

"ಹೋಗಿ ಧನಿ. ಮನೇಲಿ ಕಾಯ್ತಿರ್ತಾರೆ."

ಮುರಿಗೆಪ್ಪ ತನ್ನ ದಾರವನ್ನು ಹುಣಸೆ ಮರದಡಿ ಸುಟ್ಟ. ಸುಡುವ ಮೊದಲು ಅಳೆದು ನೋಡಿದ. ಕತ್ತರಿಸಿದ್ದಕ್ಕಿಂತ ನಾಲ್ಕು ಬೆರಳು ಕಡಿಮೆಯಿತ್ತು. ಆ ನಾಲ್ಕು ಬೆರಳು ಅವನಿಗೆ ಮತ್ತೆ ಬರಲಿಲ್ಲ.

ಉಳಿದದ್ದೆಲ್ಲ ಬಂತು. ಗೇಟು ದಾಟುವಾಗಲೇ ಕಾಲು ಹಗುರಾಯಿತು. ಸ್ಟೇಷನ್ನಿನವರೆಗೆ ಎಲ್ಲೂ ಕೂರಲಿಲ್ಲ. ಹಸಿವೆಯೆಂಬುದು ಎಂಟೊಂಬತ್ತು ದಿನಗಳ ಮೇಲೆ ಹೊಟ್ಟೆಗೆ ಉಗುರು ಹಾಕಿತು. ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಕೂತು ಇಡ್ಲಿ ತಿಂದ, ಮತ್ತೆ ತರಿಸಿ ತಿಂದ, ಸಾಂಬಾರಿನ ಬಟ್ಟಲನ್ನು ಎತ್ತಿ ಕುಡಿದ. ಬಾಯಿಗೆ ಎಷ್ಟು ರುಚಿ! ಅಷ್ಟು ರುಚಿಯಾದದ್ದಕ್ಕೆ ನಾಚಿ, ಹೊರಗೆ ಬಂದು ಗಟಾರದ ಬಳಿ ನಿಂತು ಕಕ್ಕಲು ನೋಡಿದ. ಮೈ ಒಪ್ಪಲಿಲ್ಲ. ಅದಕ್ಕೆ ಬೇಕಾಗಿತ್ತು.

ಚನ್ನವ್ವ ಅವನು ಮೆಟ್ಟಿಲೇರಿ ಬಂದ ಸದ್ದಿನಿಂದಲೇ ತಿಳಿದುಕೊಂಡಳು. "ಬಿಡಿಸಿದ್ರೇನು? ಯಾರು ಬಿಡಿಸಿದ್ರು?" ಎಂದು ಅವನ ಕೈ ಹಿಡಿದು ಅತ್ತಳು.

"ಅಲ್ಲೊಬ್ಬ ಮುದುಕ ಅದಾನ," ಎಂದ ಮುರಿಗೆಪ್ಪ. ಅದರ ಮುಂದಿನದನ್ನು ಹೇಳಲಿಲ್ಲ.

ದಿನವೂ ಮುಲುಂಡಿಗೆ ಹೋದ. ಚನ್ನವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಐತನಿಗೆ ತಿನ್ನಿಸಿದ. ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಐತ ಚಾಪೆಯ ಮೇಲೆ ಮಲಗಿರುತ್ತಿದ್ದ. ಮೊದಲ ವಾರ ಚಾಪೆಯ ಉದ್ದಕ್ಕೂ ಮೈ ಇತ್ತು. ಎರಡನೇ ವಾರ ಕಾಲ ಕಡೆ ಒಂದು ಮೊಳ ಖಾಲಿ ಉಳಿಯಿತು. ಪ್ರಾಯದವನ ಮೈಯಾದರೆ ತಡೆದೀತು, ಇದು ತಡೆಯಲಿಲ್ಲ. ಮುರಿಗೆಪ್ಪ ಒಮ್ಮೆ, "ನನ್ನ ದಾರ ಮತ್ತ ಕೊಡ್ತೀನಿ, ನಿಂದು ಬಿಡ್ಲಿ," ಎಂದು ಎದ್ದು ನಿಂತ. ಬಾಗಿಲವರೆಗೆ ಹೋದ. ಬಾಗಿಲಲ್ಲಿ ನಿಂತ. ಐತ ಕಣ್ಣು ಮುಚ್ಚಿಕೊಂಡೇ, "ಕೂತುಕೊಳ್ಳಿ ಧನಿ," ಎಂದ. ಮುರಿಗೆಪ್ಪ ಬಂದು ಕೂತ. ಎಷ್ಟು ಬೇಗ ಕೂತೆನೆಂದು ಅವನಿಗೇ ಗೊತ್ತಾಯಿತು.

ಸಂಗಪ್ಪ ಬಂದು ಇಗರ್ಜಿಯ ಉತ್ತರದ ಗೋಡೆಯನ್ನು ತಟ್ಟಿ ನೋಡಿ, "ಬಿರುಕು ಅಂತ ಬರದೀಯಲ್ಲೊ, ಎಲ್ಲೈತಿ?" ಎಂದು ಕೇಳಿದ. "ತಪ್ಪಿ ಬರದೆ," ಎಂದ ಮುರಿಗೆಪ್ಪ. "ಕೆಡವೂದಿದ್ರ ಆ ಮುದುಕ ಕಣ್ಣು ಮುಚ್ಚಿದ ಮ್ಯಾಲೆ ಬ್ಯಾರೆಯವರನ್ನ ನೋಡ್ರಿ. ನಾ ಈ ಕೆಲಸ ಮಾಡೂದಿಲ್ಲ." ಸಂಗಪ್ಪ ಅವನ ಮುಖ ನೋಡಿ ಕಾರಣ ಕೇಳಲಿಲ್ಲ. ಕೆಲಸ ಹೋಯಿತು.

ಜೂನಿನ ಮೊದಲ ಮಳೆ ತಗಡಿನ ಮೇಲೆ ಬಿದ್ದ ಬೆಳಿಗ್ಗೆ ಐತನ ಉಸಿರು ನಿಂತಿತ್ತು. ಮುಖದಲ್ಲಿ ನೋವಿರಲಿಲ್ಲ. ಮಗ್ಗುಲಾಗಿ, ಕೈಯನ್ನು ಕೆನ್ನೆಯಡಿ ಇಟ್ಟುಕೊಂಡು, ಗಾಢ ನಿದ್ದೆಯಲ್ಲಿದ್ದವನಂತೆ ಇದ್ದ. ಹೊರುವುದಕ್ಕೆ ನಾಲ್ಕು ಜನ ಬೇಕಾಗಲಿಲ್ಲ. ಮುರಿಗೆಪ್ಪ ಅವನನ್ನು ಹೊಸ ಬಿಳಿಯ ಬಟ್ಟೆಯಲ್ಲಿ ಸುತ್ತಿ, ಎರಡು ತೋಳಿನಲ್ಲಿ ಎತ್ತಿಕೊಂಡು, ಮಳೆಯಲ್ಲಿ ನೆನೆಯುತ್ತ ಸ್ಮಶಾನದವರೆಗೆ ನಡೆದ.

ಅಲ್ಲಿನ ಕಾವಲುಗಾರ ಗಂಟನ್ನು ನೋಡಿ ಮರುಕದಿಂದ ನಾಲಗೆ ಲೊಚಗುಟ್ಟಿದ. ಚಿಕ್ಕ ಮಕ್ಕಳನ್ನು ಇಲ್ಲಿ ಸುಡುವುದಿಲ್ಲ, ಆಚೆ ಬದಿಗೆ ಹೂಳಬೇಕು ಎಂದು ಹಿಂದಿಯಲ್ಲಿ ಹೇಳಿ, "ಕಿತನೇ ಸಾಲ್ ಕಾ ಥಾ?" ಎಂದು ವಯಸ್ಸು ಕೇಳಿದ.

ಮುರಿಗೆಪ್ಪ ಬಟ್ಟೆಯನ್ನು ಮುಖದಿಂದ ಸರಿಸಿದ. ಮಳೆಹನಿ ಬಿಳಿಯ ಮೀಸೆಯ ಮೇಲೆ ಬಿತ್ತು. ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ, ಕಟ್ಟಿಗೆ ತರುತ್ತೇನೆ, ಅಲ್ಲಿಯವರೆಗೆ ಕೆಳಗಿಡು, ಕೈ ಸೋತಿರಬೇಕು ಎಂದ.

ಕೈ ಸೋತಿರಲಿಲ್ಲ. ಎರಡು ಮೈಲಿ ಹೊತ್ತು ತಂದಿದ್ದರೂ ಮುರಿಗೆಪ್ಪನ ಮೈಯಲ್ಲಿ ಎಲ್ಲೂ ದಣಿವಿರಲಿಲ್ಲ. ಕಟ್ಟಿಗೆ ಬರುವವರೆಗೂ ಅವನು ಐತನನ್ನು ಕೆಳಗಿಡದೆ ಮಳೆಯಲ್ಲಿ ಹಾಗೇ ನಿಂತಿದ್ದ.